ಅಗ್ನಿಶಿಲೆಯಲ್ಲಿ ಬೆಂಕಿ ಇಲ್ಲ

ಈಗ ಹೇಳಹೊರಟಿರುವುದು ನಾನು ಹೇಳುವಂತೆಯೇ ನಡೆಯಿತು ಎಂದು ಪ್ರಮಾಣ ಮಾಡಲಾರೆ. ಬಂಡೆ ಇತ್ತು, ಅದರ ಮುಂದೆ ಒಂದು ಸಭೆ ನಡೆಯಿತು, ನಾನು ಮಾತಾಡಿದೆ. ಇಷ್ಟು ಗಟ್ಟಿ. ಯಾರು ಯಾವ ಮಾತನ್ನು ಯಾವ ಕ್ರಮದಲ್ಲಿ ಆಡಿದರು ಎಂಬುದು ಅಷ್ಟು ಗಟ್ಟಿಯಲ್ಲ. ಇಲಾಖೆಯ ಕ್ಯಾಂಟೀನಿನಲ್ಲಿ, ತರಬೇತಿಗೆ ಬಂದವರ ಮುಂದೆ, ಕೊನೆಗೆ ನನ್ನ ಬೀಳ್ಕೊಡುಗೆಯಲ್ಲೂ ಈ ಕಥೆ ಹೇಳಿದ್ದೇನೆ. ಹೇಳಿದಷ್ಟೂ ನುಣುಪಾಗಿದೆ. ಹೊಳೆಯಲ್ಲಿ ಉರುಳಿ ನುಣುಪಾದ ಕಲ್ಲನ್ನು ಕೈಗೆ ತೆಗೆದುಕೊಂಡಾಗ ಅದು ಎಲ್ಲಿಂದ ಹೊರಟಿತೆಂದು ಹೇಳುವುದು ಕಷ್ಟ ಎಂದು ನಾವೇ ಮಕ್ಕಳಿಗೆ ಪಾಠ ಮಾಡುತ್ತೇವೆ. ನನ್ನ ನೆನಪಿಗೂ ಅದೇ ಪಾಠ ಅನ್ವಯಿಸುತ್ತದೆ.

ಭೂವಿಜ್ಞಾನ ಓದಿ ಕೆಲಸಕ್ಕೆ ಸೇರುತ್ತಿರುವ ತರುಣರು ಸಿಕ್ಕಾಗ, 'ಜನರಿಗೆ ತಿಳಿಸುವುದು ಹೇಗೆ ಸಾರ್' ಎಂದು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಹೇಗೆಂದು ನನಗೂ ಗೊತ್ತಿಲ್ಲ. ನಾವು ಏನೇನು ಮಾಡಿದೆವು, ಅದರಿಂದ ಏನಾಯಿತು ಎಂಬುದನ್ನಷ್ಟೇ ಹೇಳಬಲ್ಲೆ.

ನಾನು ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಮುಗಿಸಿ ಸರ್ಕಾರಿ ಇಲಾಖೆಗೆ ಸೇರಿದ್ದು ಎಂಬತ್ತರ ದಶಕದ ಆರಂಭದಲ್ಲಿ. ನಮ್ಮ ನಿಜವಾದ ಕೆಲಸ ಕೊಳವೆಬಾವಿಗೆ ಜಾಗ ತೋರಿಸುವುದು, ಕಲ್ಲುಗಣಿಗಳ ತಪಾಸಣೆ, ನಕ್ಷೆ. ಇದರ ಜೊತೆಗೆ ಸಾರ್ವಜನಿಕರಿಗೆ ಉಪನ್ಯಾಸ ಎಂಬುದೊಂದಿತ್ತು. ಅದಕ್ಕೆ ಇಲಾಖೆಯಲ್ಲಿ 'ಭಾನುವಾರದ ಕೆಲಸ' ಎಂದು ಹೆಸರು. ರಜೆ ಹೋಗುತ್ತದೆಂದು ಯಾರಿಗೂ ಅದು ಬೇಡ. ನನ್ನ ಮೇಲಧಿಕಾರಿ ಶ್ರೀಪತಿರಾಯರು ಅದನ್ನು ನನ್ನ ತಲೆಗೆ ಕಟ್ಟಿದರು. "ನೀನು ಎಲ್ಲದಕ್ಕೂ ಪುರಾವೆ ಎಲ್ಲಿ, ಪುರಾವೆ ಎಲ್ಲಿ ಅಂತ ನಮ್ಮ ಪ್ರಾಣ ತಿಂತೀಯ. ಹೋಗು, ಸ್ವಲ್ಪ ಜನರದ್ದೂ ತಿನ್ನು" ಎಂದರು.

ಮೊದಲ ಉಪನ್ಯಾಸ ರಾಜಾಜಿನಗರದಲ್ಲಿ, ಕಾರ್ಖಾನೆ ಕಾರ್ಮಿಕರ ಸಂಘದ ಸಭಾಂಗಣದಲ್ಲಿ. ಕಪ್ಪುಹಲಗೆಯ ಮೇಲೆ ಭೂಮಿಯನ್ನು ಈರುಳ್ಳಿಯಂತೆ ಸೀಳಿ ಬರೆದು, ಹೊರಪದರ, ಒಳಪದರ, ಗರ್ಭ ಎಂದು ಬೆವರಿಳಿಯುವಂತೆ ವಿವರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಶ್ನೆ ಇದೆಯೇ ಎಂದಾಗ ಮುಂದಿನ ಸಾಲಿನವರೊಬ್ಬರು ಎದ್ದು, "ಎಲ್ಲಾ ಫಸ್ಟ್ ಕ್ಲಾಸಾಗಿ ಹೇಳಿದ್ರಿ ಸಾರ್. ಲಗ್ಗೆರೇಲಿ ನಂದೊಂದು ಸೈಟೈತೆ. ಬೋರ್ ಯಾವ ಮೂಲೇಲಿ ಹೊಡೆಸ್ಬೇಕು ಅದೊಂದು ಹೇಳ್ಬಿಡಿ" ಎಂದರು. ಇಡೀ ಸಭೆ ನಗೆಯಲ್ಲಿ ಮುಳುಗಿತು. ಅವರು ಮಾತ್ರ ನಗಲಿಲ್ಲ.

ಮರುದಿನ ರಾಯರು, "ಹೇಗಾಯ್ತಯ್ಯಾ?" ಎಂದರು. ನಾನು ಏನೇನು ಹೇಳಿದೆ ಎಂದು ವರದಿ ಒಪ್ಪಿಸತೊಡಗಿದೆ. ಅವರು ಕೈ ಅಡ್ಡ ಹಿಡಿದರು.

"ನೀನು ಹೇಳಿದ್ದು ನನಗೆ ಗೊತ್ತು ಕಣಯ್ಯಾ, ನಾನೂ ಅದೇ ಪುಸ್ತಕ ಓದಿದೀನಿ. ಅವರು ಕೇಳಿಸ್ಕೊಂಡಿದ್ದೇನು?"

ಅಂದಿನಿಂದ ಅವರ ನಿಯಮ ನನ್ನ ನಿಯಮವೂ ಆಯಿತು. ಮಾತು ಮುಗಿದ ಮೇಲೆ ಸಭೆಯಲ್ಲಿ ಯಾರಾದರೊಬ್ಬರನ್ನು ಎಬ್ಬಿಸಿ, ನಾನು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಎಂದು ಕೇಳುವುದು. ನಾವಿದನ್ನು 'ವಾಪಸ್ ಕೇಳೋದು' ಎನ್ನುತ್ತಿದ್ದೆವು. ಸ್ಲೈಡು ಬಂತು, ವಿಡಿಯೋ ಬಂತು, ಈಗ ಕೈಯೊಳಗಿನ ಫೋನೇ ಉಪನ್ಯಾಸ ಮಾಡುತ್ತದೆ. ವಾಪಸ್ ಕೇಳುವುದಕ್ಕೆ ಸಮನಾದ ಯಂತ್ರವನ್ನು ಮಾತ್ರ ನಾನು ಕಂಡಿಲ್ಲ. ಎಷ್ಟೋ ಸಲ ಅವಮಾನವಾಗುತ್ತಿತ್ತು ಎಂಬುದೂ ನಿಜ.

ಅದೇ ಲಗ್ಗೆರೆಯಲ್ಲಿ ರೈತರೊಬ್ಬರು ಬಂಡೆ ಬೆಳೆಯುತ್ತದೆ ಎಂದು ಹಟ ಹಿಡಿದಿದ್ದರು. ಅವರ ತಾತನ ಕಾಲಕ್ಕೆ ಮೊಣಕಾಲುದ್ದವಿದ್ದದ್ದು ಈಗ ಸೊಂಟದುದ್ದ ಆಗಿದೆಯಂತೆ. ನಾನು ಬಂಡೆ ಬೆಳೆಯುವುದಿಲ್ಲ, ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋಗಿ ತಗ್ಗುತ್ತದೆ, ಅದಕ್ಕೇ ಬಂಡೆ ಎದ್ದಂತೆ ಕಾಣುತ್ತದೆ ಎಂದು ಅರ್ಧ ದಿನ ವಿವರಿಸಿ ವಾಪಸ್ ಕೇಳಿದೆ. ಅವರು ಎಲ್ಲವನ್ನೂ ಸರಿಯಾಗಿ ಒಪ್ಪಿಸಿ, "ಬಂಡೆ ಮೇಲಕ್ ಬರ್ಲಿ, ಮಣ್ಣು ಕೆಳಕ್ ಓಗ್ಲಿ, ನೇಗ್ಲು ಮುರಿಯೋದು ಮುರೀತದಲ್ಲ ಸಾರ್. ಅದುಕ್ಕೇನ್ ಅಂತೀರಿ?" ಎಂದರು.

ಇನ್ನು ಆ ಬಂಡೆಯ ವಿಷಯ.

ವಿಜಯನಗರದ ಆಚೆ, ಆರ್‌ಪಿಸಿ ಲೇಔಟಿನ ಮನೆಗಳು ಮುಗಿದು ರಾಗಿ ಹೊಲಗಳು ಇನ್ನೂ ಅಲ್ಲಲ್ಲಿ ಉಳಿದಿದ್ದ ಕಡೆ, ನೆಲದಿಂದ ಆನೆಯ ಬೆನ್ನಿನಂತೆ ಎದ್ದ ಅಗಲವಾದ ಬಂಡೆಯೊಂದಿತ್ತು. ಹಳೆಯ ಊರಿನವರಿಗೆ ಅದು ಕಣದ ಬಂಡೆ. ತಲೆತಲಾಂತರದಿಂದ ಅದರ ಮೇಲೆ ರಾಗಿ ತೆನೆ ಹರಡಿ ಬಡಿಯುತ್ತಿದ್ದರು. ಹೊಸ ಲೇಔಟಿನ ಗೃಹಿಣಿಯರು ಬೇಸಿಗೆಯಲ್ಲಿ ಅಲ್ಲಿ ಹಪ್ಪಳ ಸಂಡಿಗೆ ಒಣಗಿಸುತ್ತಿದ್ದರು, ಅವರ ಬಾಯಲ್ಲಿ ಅದು ಹಪ್ಪಳದ ಬಂಡೆ. ನನಗೆ ಅದು ಬೆಂಗಳೂರಿನ ತಳಪಾಯ ಬಟ್ಟೆ ಕಳಚಿ ನಿಂತಂತೆ ಕಾಣುತ್ತಿತ್ತು. ಬೂದು ಬಿಳಿ ಪಟ್ಟೆಗಳು ಅಲೆಯಲೆಯಾಗಿ ಮಡಿಚಿಕೊಂಡು, ಅವೆಲ್ಲವನ್ನೂ ಅಡ್ಡಡ್ಡಲಾಗಿ ಕತ್ತರಿಸಿಕೊಂಡು ಹೋದ ಒಂದು ಅಗಲವಾದ ಕಪ್ಪು ಪಟ್ಟೆ. ಪಾಠಕ್ಕೆಂದೇ ಯಾರೋ ಬರೆದಿಟ್ಟ ಹಾಗೆ. ಚಳಿಗಾಲದ ಬೆಳಿಗ್ಗೆ ಅದರ ನೆತ್ತಿಯ ಮೇಲೆ ನಿಂತರೆ ಗಾಳಿಯಲ್ಲಿ ಅವರೆ ಹೂವಿನ ವಾಸನೆ ಇರುತ್ತಿತ್ತು. ದೂರದಲ್ಲಿ ಸಾವನದುರ್ಗ ಕಾಣುತ್ತಿತ್ತು ಎಂದು ಬರೆಯಬೇಕೆನಿಸುತ್ತದೆ. ಕಾಣುತ್ತಿತ್ತೋ, ನನಗೆ ಹಾಗೆ ಬೇಕಾಗಿದೆಯೋ, ಗೊತ್ತಿಲ್ಲ.

ಅಲ್ಲಿಗೆ ನನ್ನನ್ನು ಕರೆದವರು ವಿಜಯನಗರದ ಹೈಸ್ಕೂಲೊಂದರ ವಿಜ್ಞಾನ ಶಿಕ್ಷಕಿ ಶಾರದಾ. ನನಗಿಂತ ವಯಸ್ಸಿನಲ್ಲಿ ಸ್ವಲ್ಪ ಹಿರಿಯರು, ಮಾತಿನಲ್ಲಿ ಬಹಳ ಹಿರಿಯರು. ತಿಂಗಳಿಗೊಂದು ಭಾನುವಾರ ಮಕ್ಕಳನ್ನು, ಬರಲೊಪ್ಪಿದ ತಾಯಿತಂದೆಯರನ್ನು ಬಂಡೆಯ ಮೇಲೆ ಸೇರಿಸುತ್ತಿದ್ದರು. ಮೊದಲ ಭಾನುವಾರವೇ ನಾನು ಗತ್ತಿನಿಂದ, "ಈ ಕಲ್ಲಿನ ಹೆಸರು ನೈಸ್" ಎಂದೆ.

"ನೈಸಾಗಿದೆ ಸರಿ ಸಾರ್. ಹೆಸರೇನು?" ಎಂದು ಯಾರದೋ ತಂದೆ ಕೇಳಿದರು.

"ಹೆಸರೇ ನೈಸ್."

ಬಂಡೆಯ ಅಂಚಿನಲ್ಲಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬರು ಕುಡುಗೋಲು ನಿಲ್ಲಿಸಿ ತಲೆಯೆತ್ತಿದರು. "ಇದಾ ನೈಸು? ಬರಿಗಾಲಲ್ಲಿ ನಡೆದ್ರೆ ಅಂಗಾಲು ಸುಲೀತದೆ ಸಾಮಿ. ಓದಿದೋರು ಬಂಡೇನ ಮುಟ್ಟಿ ನೋಡೋದೇ ಇಲ್ವಾ?"

ಅವರು ಮುನಿಯಮ್ಮ. ಹಳೆಯ ಊರಿನವರು. ಆ ಬಂಡೆಯ ಸುತ್ತಲಿನ ಹೊಲ ಒಂದು ಕಾಲಕ್ಕೆ ಅವರ ಮನೆಯದು. ಲೇಔಟಿಗೆ ಹೊಲ ಹೋದ ಮೇಲೆ ಅದೇ ಲೇಔಟಿನ ಮನೆಗಳಿಗೆ ಹಾಲು ಹಾಕುತ್ತಿದ್ದರು. ಅಂದಿನಿಂದ ಮುಂದಿನ ಭಾನುವಾರಗಳಲ್ಲೂ ಹುಲ್ಲು ಕೊಯ್ಯುವ ನೆಪದಲ್ಲಿ ಬಂದು ದೂರ ಕುಳಿತು ಕೇಳುತ್ತಿದ್ದರು.

ನನ್ನ ಈರುಳ್ಳಿ ಚಿತ್ರ ಕೆಲಸಕ್ಕೆ ಬಾರದೆಂದು ಶಾರದಾ ಬೇಗ ಕಂಡುಕೊಂಡರು. ಒಂದು ಭಾನುವಾರ ರಾಗಿಹಿಟ್ಟಿನ ಉಂಡೆಯನ್ನೂ ಮೈದಾಹಿಟ್ಟಿನ ಉಂಡೆಯನ್ನೂ ತಂದರು. ಒಂದರ ಮೇಲೊಂದು ಇಟ್ಟು ಒತ್ತಿದರು, ಮಡಿಚಿದರು, ಮತ್ತೆ ಒತ್ತಿದರು. ಆಮೇಲೆ ಚಾಕುವಿನಿಂದ ಕತ್ತರಿಸಿ ಒಳಗನ್ನು ತೋರಿಸಿದರೆ, ಬಂಡೆಯ ಮೇಲಿದ್ದ ಅಲೆಯಲೆಯ ಪಟ್ಟೆಗಳು ಹಿಟ್ಟಿನಲ್ಲಿ! ಇಷ್ಟಕ್ಕೆ ಬಿಡಲಿಲ್ಲ. ಹಿಟ್ಟನ್ನು ಮೇಲಿನಿಂದ ಸೀಳಿ, ಸೀಮೆಎಣ್ಣೆ ಸ್ಟೌವಿನ ಮೇಲೆ ಕಾಯಿಸಿದ ಬೆಲ್ಲದ ಪಾಕವನ್ನು ಆ ಸೀಳಿಗೆ ಸುರಿದರು. ಪಾಕ ಆರಿ ಕಪ್ಪಗೆ ಗಟ್ಟಿಯಾಯಿತು.

"ಯಾವುದು ಮೊದಲು, ಹಿಟ್ಟೋ ಪಾಕವೋ?" ಎಂದರು.

"ಹಿಟ್ಟು!" ಎಂದು ಮಕ್ಕಳ ಜೊತೆ ತಾಯಂದಿರೂ ಕೂಗಿದರು.

ಪಟ್ಟೆಗಳನ್ನು ಕತ್ತರಿಸುವ ಕಪ್ಪು ಗೆರೆ ಪಟ್ಟೆಗಳಿಗಿಂತ ಕಿರಿಯದು. ನನಗೆ ಇದು ಅರ್ಥವಾಗಲು ವಿಶ್ವವಿದ್ಯಾಲಯದ ಒಂದು ವರ್ಷ ಹಿಡಿದಿತ್ತು. ಆ ಬೆಲ್ಲದ ವಾಸನೆ, ಬಿಸಿಲು ಹತ್ತುತ್ತಿದ್ದ ಬಂಡೆಯ ಕಾವು, ಹಿಟ್ಟು ಮೆತ್ತಿದ ಕೈಯನ್ನು ದೂರ ಹಿಡಿದು ಮೊಣಕೈಯಿಂದ ಮುಂಗುರುಳು ಸರಿಸುತ್ತಿದ್ದ ಶಾರದಾ. ನನ್ನ ವೃತ್ತಿಯಲ್ಲಿ ಒಂದೇ ಒಂದು ಬೆಳಿಗ್ಗೆಯನ್ನು ವಾಪಸ್ ಕೊಡುತ್ತೇವೆಂದರೆ ನಾನು ಅದನ್ನೇ ಕೇಳುತ್ತೇನೆ.

ಆ ಬೆಳಿಗ್ಗೆ ಕೊನೆಗೆ ನಾನು, ಅಥವಾ ನಾವು ಹಂಚಿದ ಇಲಾಖೆಯ ಕರಪತ್ರ, ಒಂದು ಪದ ಬಳಸಿತು. ಯಾವುದು ಮೊದಲೆಂದು ಈಗ ಹೇಳಲಾರೆ. ಕಪ್ಪು ಪಟ್ಟೆ ಒಂದು ಅಗ್ನಿಶಿಲೆ. ಕುದಿಯುವ ದ್ರವರೂಪದಲ್ಲಿ ಭೂಮಿಯ ಆಳದಿಂದ ಬಿರುಕಿನಲ್ಲಿ ಮೇಲಕ್ಕೆ ಬಂದು ಗಟ್ಟಿಯಾದ ಕಲ್ಲಿಗೆ ಕನ್ನಡ ಪಠ್ಯಪುಸ್ತಕಗಳಲ್ಲೆಲ್ಲ ಇರುವ ಹೆಸರು ಅದೇ. ಬಿಸಿಲೇರಿತ್ತು, ಮಕ್ಕಳು ಹಸಿದಿದ್ದರು. ಅವತ್ತು ವಾಪಸ್ ಕೇಳಲಿಲ್ಲ.

ಕೆಲವು ವಾರಗಳ ನಂತರ ಇಲಾಖೆಗೆ ಒಬ್ಬ ಹಿರಿಯರು ಬಂದರು. ಬಿಳಿ ಪಂಚೆ, ತೋಳು ಮಡಿಚಿದ ಷರಟು, ಕಂಕುಳಲ್ಲಿ ಸುರುಳಿ ಸುತ್ತಿದ ಲೇಔಟ್ ನಕ್ಷೆ. ಬಂಡೆಯಿದ್ದ ಜಾಗವನ್ನು ಪಡೆದಿದ್ದ ಗೃಹನಿರ್ಮಾಣ ಸಂಘದ ಕಾರ್ಯದರ್ಶಿ ನಂಜುಂಡಯ್ಯ.

"ಬೆಂಕಿ ಹಚ್ಚಿರೋರು ನೀವೇನಾ ಸ್ವಾಮಿ?" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ನಕ್ಷೆ ಬಿಡಿಸಿದರು. ಅಡ್ಡರಸ್ತೆಯೊಂದು ಅಡಿಕೋಲು ಹಿಡಿದು ಎಳೆದಂತೆ ನೇರವಾಗಿ ಬಂಡೆಯ ನಡುಬೆನ್ನಿನ ಮೇಲೆ ಹಾದುಹೋಗಿತ್ತು. ಬಂಡೆ ಸಿಡಿಸಲು ಗುತ್ತಿಗೆದಾರನ ಕಡೆಯವರು ಬಂದಿದ್ದರಂತೆ. ಬಂದವರು ನೋಡಿದರೆ ಕಪ್ಪು ಪಟ್ಟೆಯ ಉದ್ದಕ್ಕೂ ಅರಿಶಿನ ಕುಂಕುಮ. ಇದು ಅಗ್ನಿಬಂಡೆ, ಒಳಗೆ ಬೆಂಕಿ ಇದೆ, ಇದಕ್ಕೆ ಮದ್ದು ಇಟ್ಟರೆ ವಿಜಯನಗರವೇ ಹಾರಿಹೋಗುತ್ತದೆ ಎಂದು ಯಾರೋ ಹೇಳಿದರು. ಯಾರು ಹೇಳಿದ್ದು ಎಂದರೆ, ಸರ್ಕಾರದ ಸೈಂಟಿಸ್ಟೇ ಬಂದು ಹೇಳಿಹೋದರಲ್ಲ, ಚೀಟಿಯಲ್ಲೂ ಅಚ್ಚು ಹಾಕಿಸಿದ್ದಾರಲ್ಲ! ಕೆಲಸದವರು ಕುಳಿ ತೋಡುವ ಸಲಾಕೆಗಳನ್ನು ಲಾರಿಗೆ ಹಾಕಿಕೊಂಡು ಹೊರಟುಹೋದರು.

"ನಮ್ಮ ಮೆಂಬರ್‌ಗಳು ವಠಾರದಲ್ಲಿ ಒಂದೇ ನಲ್ಲಿಗೆ ಬಡಿದಾಡ್ಕೊಂಡು ಸೈಟಿಗೆ ಕಾಯ್ತಾ ಇದಾರೆ ಸಾರ್. ರಸ್ತೆ ಆಗ್ದಿದ್ರೆ ಸೈಟು ಹಂಚಕ್ಕಾಗಲ್ಲ" ಎಂದರು ನಂಜುಂಡಯ್ಯ. ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ನೀವೇ ಬಂದು ಎಲ್ಲರ ಮುಂದೆ ಒಂದು ಮಾತು ಹೇಳ್ಬಿಡಿ. ಬೆಂಕಿ ಇಲ್ಲ ಅಂತ. ಅಷ್ಟೇ. ಸತ್ಯ ತಾನೆ ಕೇಳ್ತಿರೋದು?"

ಹೌದು, ಸತ್ಯವನ್ನೇ ಕೇಳುತ್ತಿದ್ದರು. ನಾನು ಸತ್ಯ ಹೇಳಿದರೆ ಬಂಡೆ ಪುಡಿಯಾಗುತ್ತದೆ. ಸುಮ್ಮನಿದ್ದರೆ ಸುಳ್ಳೊಂದು ಅದನ್ನು ಕಾಯುತ್ತದೆ. ಬಂಡೆಯನ್ನು ಉಳಿಸಿ ಎಂದು ನಾನು ಆಗಲೇ ಮೇಲಕ್ಕೆ ಎರಡು ಸಲ ಟಿಪ್ಪಣಿ ಕಳಿಸಿದ್ದೆ. ಅವಕ್ಕೆ ಉತ್ತರ ಬಂದಿರಲಿಲ್ಲ. ವಿಜ್ಞಾನಕ್ಕೆ ಆಗದ್ದನ್ನು ಅರಿಶಿನ ಕುಂಕುಮ ಮಾಡುತ್ತಿತ್ತು.

ಶಾರದಾ ಅವರ ಅಭಿಪ್ರಾಯ ಸ್ಪಷ್ಟವಾಗಿತ್ತು. "ಹುಷಾರಿಲ್ಲ ಅಂತ ಹೇಳಿ ಮನೇಲಿರಿ. ಒಂದ್ಸಲ ನೀವು ಬಾಯಿ ಮುಚ್ಕೊಂಡ್ರೆ ನಿಮ್ಮ ವಿಜ್ಞಾನ ಏನೂ ಮುಳುಗೋಗಲ್ಲ."

"ನಾಳೆ ಮಕ್ಕಳು ಅದೇ ಬಂಡೆ ಮುಂದೆ ಕೈಮುಗಿದು ಬೆಂಕಿ ಇದೆ ಅಂದ್ರೆ?"

"ನಾಳೆ ಬಂಡೆ ಇದ್ರೆ ತಾನೆ ತಿದ್ದೋದು? ಇಲ್ದೇ ಇರೋ ಬಂಡೆ ತೋರಿಸಿ ಏನ್ ಪಾಠ ಮಾಡ್ತೀರಿ?" ಎಂದರು. ಆ ದಶಕದ ಉತ್ತರವಿಲ್ಲದ ಪ್ರಶ್ನೆಗಳೇ ನನಗೆ ಹೆಚ್ಚು ನೆನಪಿವೆ.

ರಾಯರ ಬಳಿ ಹೋಗಿ, ಬೇರೆ ಯಾರನ್ನಾದರೂ ಕಳಿಸಿ ಎಂದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು.

"ಸುಮ್ಮನಿದ್ದು ಬಂಡೆ ಉಳಿಸ್ತೀಯಾ? ಉಳಿಸಪ್ಪ. ಮುಂದಿನ ತಿಂಗಳು ಕೆಂಗೇರಿ ಹತ್ರ ಒಂದು ಕ್ವಾರಿ ತಪಾಸಣೆ ಇದೆ. ಅಲ್ಲಿ ನೀನು, ಇದು ಅಪಾಯ, ಗೋಡೆ ಬೀಳುತ್ತೆ, ಏಳಿ ಅಂತೀಯ. ಹೋದ ಸಲ ಬೆಂಕಿ ಅಂದಿದ್ದವನೇ ತಾನೇ ಇವನು ಅಂದ್ಕೊಂಡು ಅವರು ಏಳದೇ ಇದ್ರೆ?"

ಭಾನುವಾರ ಹೊರಟೆ. ಬಂಡೆಯ ಬುಡದಲ್ಲಿ ಶಾಮಿಯಾನ ಹಾಕಿಸಿದ್ದರು. ಒಂದು ಕಡೆ ಸಂಘದ ಸದಸ್ಯರು ಹೆಂಡಿರು ಮಕ್ಕಳ ಸಮೇತ, ಬಾಡಿಗೆ ಕುರ್ಚಿಗಳ ಮೇಲೆ. ಇನ್ನೊಂದು ಕಡೆ ಹಳೆಯ ಊರಿನವರು, ಬಂಡೆಯ ಇಳಿಜಾರಿನ ಮೇಲೆಯೇ. ಕಪ್ಪು ಪಟ್ಟೆಯನ್ನು ಯಾರೂ ತುಳಿದಿರಲಿಲ್ಲ. ಅದರ ಎರಡೂ ಬದಿ ಬಿಟ್ಟು ಕುಳಿತಿದ್ದರು. ಶಾರದಾ ಹಿಂದೆ, ಕೈಕಟ್ಟಿ ನಿಂತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ.

ನಾನು ಹೇಳಿದೆ. ಈ ಕಪ್ಪು ಕಲ್ಲು ಒಂದು ಕಾಲಕ್ಕೆ ಕುದಿಯುವ ಪಾಕದಂತೆ ಇತ್ತು. ಇದು ಆರಿಹೋಗಿ ಇನ್ನೂರು ಕೋಟಿ ವರ್ಷಕ್ಕೂ ಹೆಚ್ಚಾಯಿತು. ಸುತ್ತಲಿನ ಪಟ್ಟೆ ಕಲ್ಲು ಇನ್ನೂ ಹಳೆಯದು, ಸುಮಾರು ಮುನ್ನೂರು ಕೋಟಿ. ಅಗ್ನಿಶಿಲೆ ಎಂಬುದು ಹುಟ್ಟಿನಿಂದ ಬಂದ ಹೆಸರು, ಒಳಗೆ ಬೆಂಕಿ ಇಲ್ಲ. ಮದ್ದು ಇಟ್ಟರೆ ಬೇರೆ ಯಾವುದೇ ಬಂಡೆ ಸಿಡಿಯುವಂತೆ ಇದೂ ಸಿಡಿಯುತ್ತದೆ. ಇಷ್ಟು ಹೇಳಿ, ಸಿಡಿಸಬೇಡಿ ಎಂದು ನಾನು ಸೇರಿಸಿದೆನೇ? ಸೇರಿಸಿದೆ ಎಂದು ನಂಬಿದ್ದೇನೆ. ಇಂಥ ಕಲ್ಲು ಇಷ್ಟು ಚೆನ್ನಾಗಿ ಕಾಣುವ ಜಾಗ ಊರಿನಲ್ಲಿ ಹೆಚ್ಚಿಲ್ಲ ಎಂದಾದರೂ ಹೇಳಿರಬೇಕು.

ನಂಜುಂಡಯ್ಯ ಎದ್ದು ಚಪ್ಪಾಳೆ ತಟ್ಟಿದರು. "ಕೇಳಿದ್ರಲ್ಲ? ಆಯ್ತು. ನಾಳೆಯಿಂದ ಕೆಲಸ ಶುರು."

ಅಭ್ಯಾಸಬಲದಿಂದಲೋ, ಹಿಂದೊಮ್ಮೆ ವಾಪಸ್ ಕೇಳದೆ ಬಿಟ್ಟಿದ್ದಕ್ಕೋ, "ಒಂದು ನಿಮಿಷ" ಎಂದೆ. "ನಾನು ಹೇಳಿದ್ದು ಏನು ಅಂತ ಯಾರಾದ್ರೂ ನಿಮ್ಮ ಮಾತಲ್ಲಿ ಹೇಳಿ."

ಬಂಡೆಯ ಮೇಲಿಂದ ಮುನಿಯಮ್ಮ ಸೆರಗು ಬಿಗಿದು ಎದ್ದರು.

"ಬೆಂಕಿ ಇತ್ತು. ಈಗ ಆರೋಗೈತೆ. ಅಲ್ವಾ ಸಾಮಿ?"

"ಹೌದು ಕಣಮ್ಮ. ಸರಿಯಾಗಿ ಹೇಳಿದ್ರಿ."

"ಅಂದ್ರೆ ಇದು ಒಲೆ."

"ಒಲೆ ಅಂತ ಅಲ್ಲ..." ಎಂದು ನಾನು ತೊಡಗಿದೆ.

"ಕೆಳಗ್ನಿಂದ ಉರಿ ಬಂದು, ಇಲ್ಲಿ ಕುದ್ದು, ಆರ್ತು. ಅದುನ್ನ ಒಲೆ ಅನ್ದೇ ಇನ್ನೇನಂತಾರೆ? ಭೂಮ್ತಾಯಿ ಒಲೆ. ಆರ್ತು ಅಂತ ಯಾರಾದ್ರೂ ಒಲೆ ಒಡೀತಾರಾ? ಆರಿದ ಒಲೇನೂ ತುಳಿಯಕಿಲ್ಲ ನಾವು. ಬೆಳಿಗ್ಗೆ ಎದ್ದು ಸಾರ್ಸಿ, ರಂಗೋಲಿ ಎಳೆದು, ಆಮೇಲೆ ತಾನೆ ಹತ್ಸೋದು?"

"ಇದು ಬಂಡೆ ಕಣಮ್ಮಾ! ಒಲೆ ಅಲ್ಲ!" ನಂಜುಂಡಯ್ಯ ಕೂಗಿದರು.

"ನಿಮ್ ಸೈಂಟಿಸ್ಟೇ ಹೌದು ಅಂದ್ರಲ್ಲ!"

ಆಗ ಕುರ್ಚಿಗಳ ಕಡೆಯಿಂದ ಹೆಣ್ಣುದನಿಯೊಂದು ಬಂತು. ನಂಜುಂಡಯ್ಯನವರ ಹೆಂಡತಿ. "ರೀ, ಅವರು ಹೇಳೋದ್ರಲ್ಲಿ ತಪ್ಪೇನಿದೆ? ನಮ್ಮತ್ತೆ ಗ್ಯಾಸ್ ಬಂದ ಮೇಲೂ ಹಳೇ ಒಲೆಗೆ ಕುಂಕುಮ ಇಡ್ತಿರಲಿಲ್ವಾ? ಒಲೆ ಮೇಲೆ ರಸ್ತೆ ಮಾಡಿ ಅದರ ಮೇಲೆ ನಾನು ಚಪ್ಪಲಿ ಹಾಕ್ಕೊಂಡು ಓಡಾಡಲ್ಲಪ್ಪ." ಕುರ್ಚಿಗಳಲ್ಲಿ ತಲೆಗಳು ಅಲ್ಲಾಡಿದವು. ಬಂಡೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದ ಲೇಔಟಿನ ಹೆಂಗಸರೂ ಆ ಕಡೆಯೇ ಕುಳಿತಿದ್ದರು.

ನಂಜುಂಡಯ್ಯ ಕಡೆಯ ಪ್ರಯತ್ನವೆಂಬಂತೆ ಮುನಿಯಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ನಿಮಗ್ಯಾಕಮ್ಮ ಈ ಬಂಡೆ? ಹೊಲಾನೇ ಇಲ್ಲ. ಬಡಿಯೋಕೆ ರಾಗಿ ಇಲ್ಲ. ಕಣ ಇಟ್ಕೊಂಡು ಏನ್ ಮಾಡ್ತೀರಿ?"

"ಕಣ ಇದ್ರೆ, ಇಲ್ಲಿ ಹೊಲ ಇತ್ತು ಅಂತ ಗೊತ್ತಾಗ್ತದೆ," ಎಂದರು ಮುನಿಯಮ್ಮ.

ಸಭೆ ತೀರ್ಮಾನವಿಲ್ಲದೆ ಮುಗಿಯಿತು. ಮರುದಿನ ರಾಯರು ಎಂದಿನಂತೆ ಕೇಳಿದರು. "ಏನು ಕೇಳಿಸ್ಕೊಂಡ್ರಯ್ಯಾ?"

"ಒಲೆ ಅಂತ ಸಾರ್."

"ಅಷ್ಟೇನೂ ದೂರ ಹೋಗಿಲ್ಲ ಬಿಡು. ಅಗ್ನಿಶಿಲೆ ಅಂತ ನಮ್ಮ ಗ್ಲಾಸರಿಗೆ ಪದ ಹಾಕಿದೋರಿಗಿಂತ ಹತ್ತಿರಾನೇ ಇದಾರೆ."

ನನಗೆ ಅಷ್ಟು ಸುಲಭಕ್ಕೆ ಸಮಾಧಾನವಾಗಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಅವರು ಕೇಳಿಸಿಕೊಂಡದ್ದೂ ಸುಳ್ಳಲ್ಲ. ಆದರೂ ನಾನು ಕಲಿಸಬೇಕೆಂದಿದ್ದು ಅದಾಗಿರಲಿಲ್ಲ. ಬೆಂಕಿಯ ಭಯ ಹೋಗಿ ಒಲೆಯ ಗೌರವ ಬಂದರೆ ಅದನ್ನು ವಿಜ್ಞಾನ ಶಿಕ್ಷಣದ ಗೆಲುವು ಎನ್ನಬೇಕೋ ಸೋಲು ಎನ್ನಬೇಕೋ? ತರುಣರೇ, ಯೋಚಿಸಿ. ನಿಮ್ಮ ಕಾಲದಲ್ಲಿ ಇದಕ್ಕೆ ಉತ್ತರ ಸಿಕ್ಕಿದ್ದರೆ ನನಗೂ ಹೇಳಿ.

ಕೆಲವೇ ದಿನಗಳಲ್ಲಿ ನನ್ನನ್ನು ಬಳ್ಳಾರಿ ಕಡೆಗೆ ವರ್ಗ ಮಾಡಿದರು. ವರ್ಗಕ್ಕೂ ಸಭೆಗೂ ಸಂಬಂಧವಿದೆ ಎಂದು ಬಹಳ ವರ್ಷ ನಂಬಿದ್ದೆ. ಈಗ ನೋಡಿದರೆ ಆ ವರ್ಷ ವರ್ಗವಾದವರ ಪೈಕಿ ನಾನೊಬ್ಬ, ಅಷ್ಟೇ. ಅಲ್ಲಿಂದ ಇನ್ನೆಲ್ಲಿಗೋ, ಮತ್ತೆಲ್ಲಿಗೋ. ಬಂಡೆಯ ಸುದ್ದಿ ಆಗಾಗ ಸಿಗುತ್ತಿತ್ತು. ಎರಡು ಸುದ್ದಿ ಒಂದೇ ಥರ ಇರುತ್ತಿರಲಿಲ್ಲ. ಪೂರ್ತಿ ಸಿಡಿಸಿ ಅದರದೇ ಜಲ್ಲಿಯನ್ನು ರಸ್ತೆಗೆ ಹಾಕಿದರು ಎಂದು ಒಬ್ಬ ಸಹೋದ್ಯೋಗಿ ಹೇಳಿದ. ಇನ್ನೊಬ್ಬ, ಹಾಗೇ ಇದೆ, ನಾನೇ ನೋಡಿದೆ ಎಂದ. ಕೇಳಿದರೆ ಅವನು ನೋಡಿದ್ದು ನಾಗರಭಾವಿಯ ಕಡೆಯ ಬೇರೆಯದೇ ಬಂಡೆ. ಬೆಂಗಳೂರಿಗೆ ವಾಪಸ್ಸು ಬಂದ ಮೇಲೂ ನಾನು ಆ ಕಡೆ ಹೋಗಲಿಲ್ಲ. ಬಸ್ಸಿನಲ್ಲಿ ಹೋಗುವಾಗ ವಿಜಯನಗರ ದಾಟುತ್ತಿದ್ದಂತೆ ಇನ್ನೊಂದು ಬದಿಯ ಕಿಟಕಿಯಾಚೆ ನೋಡುತ್ತಿದ್ದೆ. ಪುರಾವೆ ಪುರಾವೆ ಎಂದು ಊರನ್ನೆಲ್ಲ ಕಾಡಿದವನು ಅರ್ಧ ಗಂಟೆಯ ದಾರಿಯಲ್ಲಿದ್ದ ಪುರಾವೆಯನ್ನು ನೋಡಲು ಹೋಗಲಿಲ್ಲ. ಇಲ್ಲ ಎಂದು ಕಂಡುಬಿಟ್ಟರೆ ಆ ಭಾನುವಾರಗಳೂ ಇಲ್ಲವಾಗುತ್ತವೆ ಎಂಬ ಭಯವಿತ್ತೋ ಏನೋ.

ನಿವೃತ್ತನಾದ ಮೇಲೆ ಬಸವೇಶ್ವರನಗರದ ಒಂದು ಮದುವೆಯಲ್ಲಿ ಶಾರದಾ ಸಿಕ್ಕರು. ಕೂದಲು ಪೂರ್ತಿ ಬಿಳಿ. ನಾಲಿಗೆ ಹಾಗೇ ಇತ್ತು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತೆವು. ನಾನು ಉತ್ಸಾಹದಿಂದ ಆ ಸಭೆಯ ಕಥೆಯನ್ನು ಅವರಿಗೇ ಹೇಳತೊಡಗಿದೆ. ಅವರು ಕೋಸಂಬರಿ ಮುಗಿಸುವವರೆಗೆ ಕೇಳಿ, "ಚೆನ್ನಾಗಿದೆ. ಆದ್ರೆ ಹಾಗೆ ಆಗ್ಲಿಲ್ಲ" ಎಂದರು.

"ಏನು ಆಗ್ಲಿಲ್ಲ?"

"ಒಲೆ ಮಾತು ಮೊದಲು ತೆಗೆದಿದ್ದು ನಂಜುಂಡಯ್ಯನವರ ಹೆಂಡ್ತಿ ಕಣ್ರೀ. ಮುನಿಯಮ್ಮ ಆಮೇಲೆ ಹಿಡ್ಕೊಂಡ್ರು. ಮತ್ತೆ ನೀವು ಸಿಡಿಸಬೇಡಿ ಅಂತ ಏನೂ ಅನ್ಲಿಲ್ಲ. ನೀವು ನಡುಗ್ತಾ ಇದ್ರಿ. ಕೈಯಲ್ಲಿದ್ದ ಕಾಗದ ಸದ್ದು ಮಾಡ್ತಿತ್ತು."

"ನೀವು ನನ್ನ ಕಡೆ ನೋಡ್ತಾನೇ ಇರಲಿಲ್ಲ!"

"ನೋಡ್ತಾ ಇದ್ದೆ," ಎಂದರು ಶಾರದಾ. ಅಷ್ಟರಲ್ಲಿ ಹೋಳಿಗೆ ಬಂತು. ಅವರು ಎಲೆಯ ಕಡೆ ತಿರುಗಿದರು.

"ಬಂಡೆ ಏನಾಯ್ತು ಅಂತ ನಿಮಗೆ ಗೊತ್ತಾ?" ಎಂದು ಕೊನೆಗೆ ಕೇಳಿದೆ.

"ನಾನೂ ಆ ಕಡೆ ಹೋಗಿಲ್ಲ," ಎಂದರು. "ನೀವು ಹೋಗಿ ನೋಡಿ ಬನ್ನಿ. ನೋಡಿದ್ದನ್ನ ಮಾತ್ರ ಹೇಳಿ. ಸೇರಿಸ್ಬೇಡಿ."

ಆ ವಾರವೇ ಹೋದೆ. ಹಳೆಯ ಊರು ಯಾವುದು, ಲೇಔಟು ಯಾವುದು ಎಂದು ಗುರುತೇ ಸಿಗಲಿಲ್ಲ. ಮೂರು ನಾಲ್ಕು ಮಹಡಿಯ ಮನೆಗಳು ಒತ್ತೊತ್ತಾಗಿ ನಿಂತು ಬೀದಿಗೆ ಆಕಾಶವೇ ಇರಲಿಲ್ಲ. ಒಂದು ಅಡ್ಡರಸ್ತೆಯ ಬದಿಯಲ್ಲಿ ಚಿಕ್ಕ ಗುಡಿ. ಸುತ್ತ ಟೈಲ್ಸು, ಕಬ್ಬಿಣದ ಗೇಟು, ಗೇಟಿಗೆ ಬೀಗ. ಒಳಗೆ ಇಣುಕಿದೆ. ಟೈಲ್ಸಿನ ಕೆಳಗೆ ಬಂಡೆ ಇರಬಹುದು, ಇಲ್ಲದೆಯೂ ಇರಬಹುದು. ಕಂಡ ಸ್ವಲ್ಪ ಭಾಗಕ್ಕೂ ದಪ್ಪಗೆ ಬಣ್ಣ ಬಳಿದಿದ್ದರು. ಎದುರು ಮನೆಯ ಮುಂದೆ ಸ್ಕೂಟರ್ ಒರೆಸುತ್ತಿದ್ದ ಯುವಕನನ್ನು ಕೇಳಿದೆ.

"ಇದು ಯಾವ ದೇವರ ಗುಡಿ?"

"ಒಲೆಯಮ್ಮ ಅಂತಾರೆ ಅಂಕಲ್. ಒಲೆಯಮ್ಮಾನೋ ಹೊಳೆಯಮ್ಮಾನೋ, ಸರಿಯಾಗಿ ಗೊತ್ತಿಲ್ಲ. ನಾವು ಬಾಡಿಗೆಗೆ ಬಂದಿದ್ದು."

ಆ ಹೆಸರನ್ನು ಅಲ್ಲೇ ಚೀಟಿಯಲ್ಲಿ ಬರೆದುಕೊಂಡೆ. ಆದರೆ ಇದನ್ನು ಪುರಾವೆ ಎನ್ನಲಾರೆ. ಬೆಂಗಳೂರಿನಲ್ಲಿ ಹೊಳೆಯಮ್ಮನೂ ಇರಬಹುದು. ಬಂಡೆ ಉಳಿದಿದ್ದರೆ ಅದನ್ನು ಉಳಿಸಿದ್ದು ಮುನಿಯಮ್ಮನ ಮಾತೋ, ಮನೆಗಳು ತೀರ ಹತ್ತಿರವಾದ ಮೇಲೆ ಮದ್ದು ಸಿಡಿಸಲು ಅನುಮತಿ ಸಿಗಲಿಲ್ಲವೋ, ಗುತ್ತಿಗೆದಾರ ಕೈಕೊಟ್ಟನೋ, ಅದೂ ಗೊತ್ತಿಲ್ಲ. ಮುನಿಯಮ್ಮನವರ ಮನೆಯವರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ.

ಹಾಗಾಗಿ ಪರೀಕ್ಷಿಸಬಹುದಾದ ಒಂದನ್ನು, ರಸ್ತೆ ನೇರವಾಗಿದೆಯೇ ಎಂಬುದನ್ನು, ಪರೀಕ್ಷಿಸಿದೆ. ರಸ್ತೆಯ ಒಂದು ತುದಿಗೆ ಹೋಗಿ ದಿಕ್ಸೂಚಿ ಹಿಡಿದೆ. ನಿಂತ ಕಾರುಗಳ ಕಬ್ಬಿಣ ಮುಳ್ಳನ್ನು ಎಳೆಯುತ್ತಿರಬಹುದೆಂದು ಅದನ್ನು ಜೇಬಿಗೆ ಹಾಕಿ ಬರಿಗಣ್ಣಿನಲ್ಲಿ ನೋಡಿದೆ. ಇನ್ನೊಂದು ತುದಿಗೆ ನಡೆದುಹೋಗಿ ಅಲ್ಲಿಂದಲೂ ನೋಡಿದೆ. ಮರುದಿನ ಮತ್ತೆ ಹೋಗಿ ಎರಡೂ ಕಡೆ ನಿಂತೆ. ನಂಜುಂಡಯ್ಯನವರ ನಕ್ಷೆಯಲ್ಲಿ ಬಂಡೆಯ ನಡುಬೆನ್ನಿನ ಮೇಲೆ ನೇರವಾಗಿ ಹಾದಿದ್ದ ಆ ಅಡ್ಡರಸ್ತೆ ಗುಡಿಯ ಹತ್ತಿರ ಬರುತ್ತಿದ್ದಂತೆ ಎಡಕ್ಕೆ ಬಾಗಿ, ಅದನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುವುದಿಲ್ಲ.